ಅಳಿವೆ ಬಾಗಿಲಲ್ಲೇ ಎಂಜಿನ್ ಯಾಕೆ ನಿಲ್ಲುತ್ತದೆ?

ದಕ್ಕೆಯಲ್ಲಿ ಎರಡು ಗಂಟೆ ಓಡಿಸಿ ನೋಡಿದಾಗ ಎಂಜಿನ್ ಚೆನ್ನಾಗಿಯೇ ಇತ್ತು. ಬೋಟು ಅಳಿವೆ ಬಾಗಿಲಿಗೆ ಬಂತು, ನಾಲ್ಕು ತೆರೆ ಬಡಿಯಿತು, ಎಂಜಿನ್ ಕೆಮ್ಮಿ ನಿಂತುಬಿಟ್ಟಿತು. ಮಲ್ಪೆ ಇರಲಿ, ಗಂಗೊಳ್ಳಿ ಇರಲಿ, ಭಟ್ಕಳ, ಹೊನ್ನಾವರ ಯಾವುದೇ ಇರಲಿ, ಆಗಸ್ಟ್ ತಿಂಗಳಲ್ಲಿ ಈ ಕತೆ ಕೇಳದ ಬಂದರು ಕರಾವಳಿಯಲ್ಲಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಟ್ಟಿಹಾಕಿದ್ದ ಬೋಟುಗಳು ಬಣ್ಣ ಬಳಿಸಿಕೊಂಡು, ಪೂಜೆ ಮಾಡಿಸಿಕೊಂಡು ಹೊರಡುತ್ತವೆ. ಅದರಲ್ಲಿ ಕೆಲವು ಅದೇ ದಿನ ಇನ್ನೊಂದು ಬೋಟಿನ ಹಗ್ಗ ಹಿಡಿದುಕೊಂಡು ವಾಪಸು ಬರುತ್ತವೆ.

"ಎಂಜಿನ್ ಕೈಕೊಟ್ಟಿತು" ಅನ್ನುತ್ತಾರೆ. "ಗ್ರಹಚಾರ ಮಾರಾಯ್ರೆ" ಅನ್ನುವವರೂ ಇದ್ದಾರೆ. ಎಂಜಿನ್ ಹೊಸದಾದರೆ ಬೈಗುಳ ಕಂಪೆನಿಗೆ, ಹಳೆಯದಾದರೆ ಮೆಕ್ಯಾನಿಕ್‌ಗೆ. ಆದರೆ ದಕ್ಕೆಯ ಹಳೆ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ. ಓಡುತ್ತಿದ್ದ ಡೀಸೆಲ್ ಎಂಜಿನ್ ಇದ್ದಕ್ಕಿದ್ದಂತೆ ನಿಂತರೆ ಅವರು ಮೊದಲು ಎಂಜಿನ್ ಮುಟ್ಟುವುದೇ ಇಲ್ಲ, ಡೀಸೆಲ್ ಬರುವ ದಾರಿ ನೋಡುತ್ತಾರೆ. ಕೈಕೊಡುವುದು ಹೆಚ್ಚಿನ ಪಾಲು ಆ ದಾರಿ. ಟ್ಯಾಂಕಿನ ತಳದ ಕೆಸರು, ನೀರು, ಪೈಪಿನ ಎಲ್ಲೋ ಒಂದು ಸಂದಿಯಿಂದ ಒಳಗೆ ನುಗ್ಗಿದ ಗಾಳಿ. ಇಷ್ಟೇ ಮೂರು ಕಳ್ಳರು.

ಬೋಟಿನ ಎಂಜಿನ್ ಸುದ್ದಿ ಕಟ್ಟಿಕೊಂಡು ಅಂಗಡಿಯವರಿಗೆ, ಬಸ್ಸಿಗೆ ಕಾಯುವವರಿಗೆ ಏನಾಗಬೇಕು ಅಂತ ಕೇಳಬಹುದು. ಒಂದು ಬೋಟು ನಿಂತರೆ ಅದನ್ನು ಎಳೆದು ತರಲು ಹೋದ ಇನ್ನೊಂದು ಬೋಟಿನ ಮೀನುಗಾರಿಕೆಯೂ ನಿಲ್ಲುತ್ತದೆ. ಐಸ್ ಪ್ಲಾಂಟಿನವನ ಐಸ್ ಕರಗುತ್ತದೆ, ಬುಟ್ಟಿ ಹೊತ್ತು ಮಾರುವ ಹೆಂಗಸಿಗೆ ಆ ದಿನದ ವ್ಯಾಪಾರ ಇಲ್ಲ, ಪೇಟೆಯ ಹೋಟೆಲಿನಲ್ಲಿ ಬಂಗುಡೆ ಪ್ಲೇಟಿಗೆ ರೇಟು ಏರುತ್ತದೆ. ತಿಂಗಳ ಲೆಕ್ಕದಲ್ಲಿ ಸಾಮಾನು ಕೊಟ್ಟ ದಿನಸಿ ಅಂಗಡಿಯವನ ಪುಸ್ತಕದಲ್ಲಿ ಕಲಾಸಿಯ ಬಾಕಿ ಇನ್ನೊಂದು ಪುಟಕ್ಕೆ ಹೋಗುತ್ತದೆ.

ಬಸ್ಸಿನವರಿಗಂತೂ ಈ ರೋಗ ಹೊಸದಲ್ಲ. ಏರಿನಲ್ಲಿ ಬಸ್ಸು ನಿಲ್ಲುತ್ತದೆ, ಡ್ರೈವರ್ ಇಳಿದು ಹೋಗಿ ಬಾನೆಟ್ಟಿನೊಳಗೆ ಕೈಹಾಕಿ ಟಕ್ ಟಕ್ ಅಂತ ಏನನ್ನೋ ಒತ್ತುತ್ತಾನೆ, "ಏರ್ ಹಿಡಿದಿದೆ" ಅನ್ನುತ್ತಾನೆ, ಐದು ನಿಮಿಷಕ್ಕೆ ಬಸ್ಸು ಹೊರಡುತ್ತದೆ. ಬೋಟಿನದ್ದೂ ಅದೇ ಎಂಜಿನ್, ಅದೇ ರೋಗ. ವ್ಯತ್ಯಾಸ ಒಂದೇ. ಬಸ್ಸು ನಿಂತರೆ ಹಿಂದಿನ ಬಸ್ಸು ಹತ್ತಬಹುದು. ಅಳಿವೆಯಲ್ಲಿ ಬೋಟು ನಿಂತರೆ ಇಳಿಯುವುದು ಎಲ್ಲಿಗೆ?

ಡೀಸೆಲ್ ಹೋಗುವ ದಾರಿ

ದಾರಿ ಉದ್ದ ಏನಿಲ್ಲ. ಟ್ಯಾಂಕಿನಿಂದ ಪೈಪು, ಅಲ್ಲಿಂದ ನೀರು ಬೇರ್ಪಡಿಸುವ ಮೊದಲ ಫಿಲ್ಟರು, ಆಮೇಲೆ ಫೀಡ್ ಪಂಪು, ಮತ್ತೊಂದು ಸಣ್ಣ ಕಣ್ಣಿನ ಫಿಲ್ಟರು, ಅಲ್ಲಿಂದ ದೊಡ್ಡ ಡೀಸೆಲ್ ಪಂಪು, ಕೊನೆಗೆ ಉಕ್ಕಿನ ಪೈಪಿನಲ್ಲಿ ನಾಜಲ್. ಮಿಕ್ಕಿದ ಡೀಸೆಲ್ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸು. ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯುವ ಕೆಲಸ, ಅದರಾಚೆ ತಳ್ಳುವ ಕೆಲಸ. ಈ ಒಂದು ಮಾತು ನೆನಪಿಟ್ಟರೆ ಅರ್ಧ ರೋಗ ಗೊತ್ತಾದ ಹಾಗೆ.

ಸಾಧಾರಣ ಹಳೆ ಮಾದರಿಯ ಎಂಜಿನ್ನಿನಲ್ಲಿ ನಾಜಲ್ ಬಾಯಿ ತೆರೆಯಬೇಕಾದರೆ ಸುಮಾರು 200 ಕಿಲೋ ಒತ್ತಡ ಬೇಕು. ಬಸ್ಸಿನ ಟೈರಿನಲ್ಲಿರುವುದು ಏಳೆಂಟು ಕಿಲೋ. ಅಷ್ಟು ಒತ್ತಡ ಹುಟ್ಟಿಸುವ ಪಂಪಿನ ಒಳಗೆ ಪ್ಲಂಜರು ಮತ್ತು ಅದರ ಗೂಡಿನ ನಡುವಿನ ಸಂದಿ ಎರಡು ಮೂರು ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರನ್ನು 1000 ಪಾಲು ಮಾಡಿದರೆ ಅದರಲ್ಲಿ ಒಂದು. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಇಂಥ ಸಂದಿಗೆ ಆಯಿಲ್ ಬಿಡುವವರಿಲ್ಲ, ಡೀಸೆಲೇ ಆಯಿಲ್. ಅಲ್ಲಿಗೆ ನೀರು ಹೋದರೆ, ಅದೂ ಉಪ್ಪುನೀರು ಹೋದರೆ, ಪಂಪು ತುಕ್ಕು ಹಿಡಿದು ಕಚ್ಚಿಕೊಳ್ಳದೆ ಇನ್ನೇನಾಗುತ್ತದೆ?

ಗಾಳಿಯ ಕತೆ ಬೇರೆ. ಡೀಸೆಲನ್ನು ಅದುಮಿದರೆ ಒತ್ತಡ ಏರುತ್ತದೆ. ಗಾಳಿಯನ್ನು ಅದುಮಿದರೆ ಗಾಳಿ ಕುಗ್ಗಿ ಕೂರುತ್ತದೆ, ಪಂಪು ಬಿಟ್ಟ ಕೂಡಲೇ ಮತ್ತೆ ಹಿಗ್ಗುತ್ತದೆ. ನಾಜಲ್ ಬಾಯಿ ತೆರೆಯುವುದೇ ಇಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ.

ಇನ್ನು ಅಳಿವೆಯ ಪ್ರಶ್ನೆ. ದಕ್ಕೆಯ ನೀರು ಅಲುಗಾಡುವುದಿಲ್ಲ. ಅಲ್ಲಿ ಟ್ಯಾಂಕಿನ ನೀರು, ಕೆಸರು ಎಲ್ಲ ತಳ ಹಿಡಿದು ತೆಪ್ಪಗೆ ಮಲಗಿರುತ್ತದೆ, ಮೇಲಿನ ತಿಳಿ ಡೀಸೆಲ್ ಎಂಜಿನ್ನಿಗೆ ಹೋಗುತ್ತದೆ. ಅದಕ್ಕೇ ಅಲ್ಲಿ ಎರಡು ಗಂಟೆ ಓಡಿಸಿ "ಓಕೆ" ಅಂದದ್ದು. ಅಳಿವೆಯಲ್ಲಿ ಹೊಳೆನೀರಿನ ಸೆಳೆತಕ್ಕೆ ಕಡಲಿನ ತೆರೆ ಎದುರಾಗುತ್ತದೆ, ಬೋಟು ತೊಟ್ಟಿಲಿನಂತೆ ಏಳುತ್ತದೆ, ಬೀಳುತ್ತದೆ. ಎರಡು ತಿಂಗಳು ಮಲಗಿದ್ದ ಕೊಳೆಯೆಲ್ಲ ಟ್ಯಾಂಕಿನಲ್ಲಿ ಎದ್ದು ನಿಲ್ಲುತ್ತದೆ. ಅದೇ ಹೊತ್ತಿಗೆ ತಂಡೇಲ ಪೂರ್ತಿ ರೇಸ್ ಕೊಡುತ್ತಾನೆ, ಕೊಡದೆ ದಾಟುವ ಹಾಗಿಲ್ಲ. ಎಂಜಿನ್ನಿಗೆ ಡೀಸೆಲ್ ಅತಿ ಹೆಚ್ಚು ಬೇಕಾದ ಹೊತ್ತು, ಫಿಲ್ಟರ್ ಕಟ್ಟಿಕೊಳ್ಳುವ ಹೊತ್ತು, ಎರಡೂ ಒಂದೇ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದರೆ ಇನ್ನೊಂದು ತಾಪತ್ರಯ. ಬೋಟು ವಾಲಿದಾಗ ಎಳೆಯುವ ಪೈಪಿನ ಬಾಯಿ ಡೀಸೆಲಿನಿಂದ ಮೇಲೆದ್ದು ಒಂದು ಗುಟುಕು ಗಾಳಿ ನುಂಗುತ್ತದೆ. ಅಷ್ಟು ಸಾಕು. ಇದರಲ್ಲಿ ಗ್ರಹಚಾರದ ಪಾಲು ಎಷ್ಟು ಅಂತ ಓದುಗರೇ ಹೇಳಲಿ.

ನೀರು ಎಲ್ಲಿಂದ ಬಂತು?

ಡೀಸೆಲ್ ಹಾಕಿದ ಬಂಕಿನವರು ನೀರು ಬೆರೆಸಿದರು ಅಂತ ದೂರುವುದು ಸುಲಭ. ಅಂಥದ್ದು ಎಲ್ಲೂ ಇಲ್ಲವೇ ಇಲ್ಲ ಅಂತ ಪ್ರಮಾಣ ಮಾಡುವ ಹಾಗಿಲ್ಲ. ಆದರೆ ಬಂಕಿಗೆ ಹೋಗುವ ಮುಂಚೆ ಡೆಕ್ಕಿನ ಮೇಲಿನ ಮುಚ್ಚಳ ನೋಡಬೇಕು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ಇದು. ಅದರ ಬಹುಪಾಲು ಬೀಳುವುದು ಬೋಟು ಕಟ್ಟಿಹಾಕಿದ ತಿಂಗಳುಗಳಲ್ಲೇ. ಟ್ಯಾಂಕಿನ ಬಾಯಿಯ ರಬ್ಬರ್ ವಾಷರು ಹರಿದು ಎಷ್ಟು ಕಾಲವಾಯಿತೋ, ಗಾಳಿ ಆಡುವ ಕೊಳವೆಯ ತುದಿ ಆಕಾಶ ನೋಡುತ್ತಿದೆಯೋ ಏನೋ, ಕೇಳಿದವರಿಲ್ಲ.

ಮುಚ್ಚಳ ಭದ್ರ ಇದ್ದರೂ ನೀರು ಬರುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕಿನ ಮೇಲರ್ಧ ಗಾಳಿ, ಆಟಿ ತಿಂಗಳ ಹಸಿ ಗಾಳಿ. ಹಗಲು ಬಿಸಿಯಾಗಿ, ರಾತ್ರಿ ತಣಿದು, ಟ್ಯಾಂಕಿನ ಗೋಡೆಯಲ್ಲಿ ಬೆವರು ಕಟ್ಟಿ ಹನಿಹನಿಯಾಗಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರ, ತಳ ಸೇರುತ್ತದೆ. ಎರಡು ತಿಂಗಳಲ್ಲಿ ಅಲ್ಲಿ ಬೇರೆಯದೇ ಒಂದು ಬೆಳೆ ಬೆಳೆಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿ ಡೀಸೆಲನ್ನೇ ತಿಂದು ಕಪ್ಪು ಲೋಳೆ ಕಟ್ಟುತ್ತದೆ. ಫಿಲ್ಟರ್ ಬಿಚ್ಚಿದಾಗ ಪಾಚಿಯಂತೆ ಜಾರುವ ಆ ಕಪ್ಪು ಲೋಳೆಯನ್ನು ನೋಡಿ "ಡೀಸೆಲ್ ಕೆಟ್ಟದ್ದು" ಅನ್ನುತ್ತಾರೆ. ಡೀಸೆಲ್ ಒಳ್ಳೆಯದೇ ಬಂದಿರಬಹುದು, ಕೆಟ್ಟದ್ದು ಬೋಟಿನಲ್ಲಿ.

ಇದಕ್ಕೆ ಮದ್ದು ದುಬಾರಿ ಅಲ್ಲ. ಮೇ ಕೊನೆಗೆ ಕಟ್ಟಿಹಾಕುವಾಗ ಟ್ಯಾಂಕು ತುಂಬಿಸಿ ಇಟ್ಟರೆ ಗಾಳಿಗೆ ಜಾಗವಿಲ್ಲ, ಬೆವರೂ ಇಲ್ಲ. ಆದರೆ ದೊಡ್ಡ ಬೋಟಿನ ಟ್ಯಾಂಕು ಸಾವಿರಾರು ಲೀಟರಿನದು. ಎರಡು ತಿಂಗಳು ಒಂದು ಪೈಸೆ ಸಂಪಾದನೆ ಇಲ್ಲದ ಹೊತ್ತಿನಲ್ಲಿ ಅಷ್ಟು ಹಣ ಡೀಸೆಲಿನ ರೂಪದಲ್ಲಿ ಮಲಗಿಸಿಡುವವರು ಯಾರು? ಸರಕಾರ ಮಾರಾಟ ತೆರಿಗೆ ಬಿಟ್ಟುಕೊಡುವ ಕರರಹಿತ ಡೀಸೆಲಿಗೂ ಮಿತಿ ಉಂಟು. ಹಾಗಾಗಿ ಎರಡನೇ ದಾರಿ. ಪೂರ್ತಿ ಖಾಲಿ ಮಾಡಿ, ಜುಲೈ ಕೊನೆಗೆ ತಳದ ನಲ್ಲಿ ಬಿಚ್ಚಿ ಕೊಳೆ ಇಳಿಸಿ, ಒಳಗೆ ಕೈಹಾಕಿ ಒರೆಸಿ, ಆಮೇಲೆ ಹೊಸ ಡೀಸೆಲ್. ತಳದಲ್ಲಿ ನಲ್ಲಿಯೇ ಇಲ್ಲದ ಟ್ಯಾಂಕಾದರೆ ಕೈಪಂಪಿನ ಪೈಪನ್ನು ತಳದವರೆಗೆ ಇಳಿಸಿ ಎಳೆಯಬೇಕು.

ನೀರು ಇದೆಯೋ ಇಲ್ಲವೋ ನೋಡಲು ಲ್ಯಾಬೊರೇಟರಿ ಬೇಡ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟ್ಲಿ ತುಂಬ ತೆಗೆದು ಅರ್ಧ ಗಂಟೆ ಇಟ್ಟರೆ ಸಾಕು, ನೀರು ಕೆಳಗೆ ಗೆರೆ ಕಟ್ಟಿ ಕೂರುತ್ತದೆ. ಬನಿಯನ್ ಬಟ್ಟೆ ಕಟ್ಟಿ ಡೀಸೆಲ್ ಸೋಸುವವರಿದ್ದಾರೆ. ಬಟ್ಟೆ ಕಸ ಹಿಡಿಯುತ್ತದೆ, ನೀರು ಹಿಡಿಯುವುದಿಲ್ಲ. ಕಾಗದದ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕುವ ಜಾಣರೂ ಇದ್ದಾರೆ. ತೊಳೆದ ಕಾಗದ ಹರಿದರೆ ಕೊಳೆಯೆಲ್ಲ ನೇರ ಪಂಪಿಗೆ. ನೂರರ ಲೆಕ್ಕದ ಫಿಲ್ಟರ್ ಉಳಿಸಲು ಹೋಗಿ ಸಾವಿರದ ಲೆಕ್ಕದ ಪಂಪು ಕಳೆದುಕೊಳ್ಳುವುದನ್ನು ಯಾವ ಅಂಗಡಿಯವನೂ ವ್ಯಾಪಾರ ಅನ್ನಲಿಕ್ಕಿಲ್ಲ.

ಹೊಗೆ ಹೇಳುವ ಮಾತು

ಎಂಜಿನ್ ನಿಂತಾಗ ಸ್ಪಾನರ್ ಹಿಡಿಯುವ ಮುಂಚೆ ಹೊಗೆ ಕೊಳವೆ ನೋಡಬೇಕು. ಸೆಲ್ಫ್ ಹೊಡೆಯುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಒಳಗೆ ಹೋಗುತ್ತಲೇ ಇಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ತಣ್ಣಗಿರಬಹುದು, ಡೀಸೆಲಿನಲ್ಲಿ ನೀರಿರಬಹುದು, ಕಂಪ್ರೆಶನ್ ಹೋಗಿರಬಹುದು. ಓಡುವಾಗ ಕಪ್ಪು ಹೊಗೆ ಉಗುಳಿ ಏದುಸಿರು ಬಿಟ್ಟರೆ ಡೀಸೆಲ್ ಕೊರತೆ ಖಂಡಿತ ಅಲ್ಲ. ಗಾಳಿ ಕಡಿಮೆ, ಇಲ್ಲವೇ ಭಾರ ಜಾಸ್ತಿ. ಫ್ಯಾನಿಗೆ ಹಗ್ಗವೋ ಹರಿದ ಬಲೆಯೋ ಸುತ್ತಿಕೊಂಡಿದ್ದರೂ ಹೀಗೇ ಆಗುತ್ತದೆ. ಅದಕ್ಕೆ ನಾಜಲ್ ಬಿಚ್ಚಿ ಕೂತರೆ ಏನು ಫಲ?

ಹೊಗೆ ಇಲ್ಲ ಅಂತಾದರೆ ಮೊದಲು ನಾಚಿಕೆಯ ಕಾರಣಗಳನ್ನು ನೋಡಬೇಕು ಅನ್ನುವುದು ಬಲ್ಲವರ ಮಾತು. ಟ್ಯಾಂಕಿನ ವಾಲ್ವ್ ಮುಚ್ಚಿಯೇ ಇದೆ. ನಿಲ್ಲಿಸುವ ಕೇಬಲ್ ಎಳೆದದ್ದು ತುಕ್ಕಿನಿಂದ ವಾಪಸು ಹೋಗಿಲ್ಲ. ಡೀಸೆಲ್ ಮುಗಿದಿದೆ, ಗೇಜು ಮಾತ್ರ ಅರ್ಧ ತೋರಿಸುತ್ತಿದೆ. ಇವನ್ನು ಬಿಟ್ಟು ಪಂಪು ಬಿಚ್ಚಿದವರಿಗೆ ದಕ್ಕೆಯಲ್ಲಿ ಅಡ್ಡಹೆಸರು ಬೀಳುವುದುಂಟು.

ಆಮೇಲೆ ಗಾಳಿ ಕೊಳವೆ. ಎಂಜಿನ್ ಅರ್ಧ ಗಂಟೆ ಚೆನ್ನಾಗಿ ಓಡಿ, ಮೆಲ್ಲಗೆ ಸೊರಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ ಅಂತಾದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಸುಂಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಳ್ಳ ಸಿಕ್ಕಿದ. ಗಾಳಿ ಆಡುವ ಕೊಳವೆಯಲ್ಲಿ ಬಣ್ಣವೋ ಉಪ್ಪೋ ಕಣಜದ ಮಣ್ಣಿನ ಗೂಡೋ ಕಟ್ಟಿಕೊಂಡಿದೆ. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬಾರದಿದ್ದರೆ ಯಾವ ಪಂಪೂ ಎಳೆಯಲಾರದು. ಎರಡು ತಿಂಗಳ ಪೇಂಟಿಂಗ್ ಆದ ಮೇಲೆ ಇದನ್ನು ಮರೆಯುವ ಹಾಗೇ ಇಲ್ಲ.

ದಕ್ಕೆಯಲ್ಲಿ ನಿಧಾನ ಓಡುವಾಗ ಸರಿ, ರೇಸ್ ಕೊಟ್ಟರೆ ಎಳೆಯುವುದಿಲ್ಲ ಅಂದರೆ ಫಿಲ್ಟರು. ಹತ್ತಿ ಎರಡು ನಿಮಿಷಕ್ಕೆ ನಿಲ್ಲುತ್ತದೆ, ಓಡುವಾಗ ಏರಿಳಿಯುತ್ತದೆ ಅಂದರೆ ಗಾಳಿ. ಈ ಗಾಳಿಯನ್ನು ಹುಡುಕುವುದು ಕಷ್ಟ, ಯಾಕೆಂದರೆ ಎಳೆಯುವ ಬದಿಯ ಪೈಪು ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ, ಒಳಗೆ ಗಾಳಿ ಸೇದುತ್ತದೆ. ಟ್ಯಾಂಕು ತುಂಬಿದ್ದಾಗ ಡೀಸೆಲ್ ಮಟ್ಟ ಪಂಪಿಗಿಂತ ಮೇಲೆ, ತಾನಾಗಿ ಇಳಿದು ಬರುತ್ತದೆ, ಆಗ ಗಾಳಿ ಸೇರುವುದಿಲ್ಲ. ಮಟ್ಟ ಪಂಪಿಗಿಂತ ಕೆಳಗಿಳಿದ ಮೇಲೆ ಶುರು. ಅಂದರೆ ಹೊರಡುವಾಗ ಸರಿ ಇದ್ದ ಬೋಟು ಆಳ ಸಮುದ್ರದಲ್ಲಿ ಏಳನೇ ದಿನವೋ ಎಂಟನೇ ದಿನವೋ ಕೈಕೊಡುತ್ತದೆ. ದಕ್ಕೆಗೆ ತಂದು ಟ್ಯಾಂಕು ತುಂಬಿಸಿದರೆ ಮತ್ತೆ ಸರಿ! ಮೆಕ್ಯಾನಿಕ್ ಬಂದು ನೋಡುತ್ತಾನೆ, ಏನೂ ಇಲ್ಲ ಅನ್ನುತ್ತಾನೆ. ಮುಂದಿನ ಟ್ರಿಪ್ಪಿಗೆ ಮತ್ತೆ ಅದೇ.

ಇದಕ್ಕೊಂದು ಸುಲಭ ಪರೀಕ್ಷೆ ಉಂಟು. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಬೇರೆ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಡುವುದು. ಎಂಜಿನ್ ಸೊಗಸಾಗಿ ಓಡಿದರೆ ಪಂಪು, ನಾಜಲ್ ಎಲ್ಲ ನಿರಪರಾಧಿ. ತಪ್ಪು ಟ್ಯಾಂಕು, ಪೈಪು, ಮೊದಲ ಫಿಲ್ಟರಿನದ್ದು. ಕ್ಯಾನಿನಿಂದಲೂ ಓಡದಿದ್ದರೆ ಆಗ ಮುಂದಕ್ಕೆ ಹೋಗಬೇಕು. ಆ ಪೈಪು ಪಾರದರ್ಶಕದ್ದಾದರೆ ಗುಳ್ಳೆ ಬರುವುದೂ ಕಣ್ಣಿಗೆ ಕಾಣುತ್ತದೆ. ಒಂದು ಕ್ಯಾನು, ಎರಡು ಮೀಟರ್ ಪೈಪು, ಎರಡು ಕ್ಲಿಪ್ಪು. ಇಷ್ಟು ಸಾಮಾನು ಎಂಜಿನ್ ಕೋಣೆಯಲ್ಲಿ ತೂಗುಹಾಕಿದ್ದರೆ ನಡುಕಡಲಿನಲ್ಲಿ ಬೋಟನ್ನು ವಾಪಸು ತರಲೂ ಅದೇ ಆದೀತು.

ಗಾಳಿ ತೆಗೆಯುವ ಕೆಲಸ ಕಲಾಸಿಗಳಲ್ಲಿ ಹಲವರಿಗೆ ಗೊತ್ತು. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡುವುದು, ಬಿಗಿಯುವುದು, ಆಮೇಲೆ ದೊಡ್ಡ ಪಂಪಿನ ಸ್ಕ್ರೂ, ಕೊನೆಗೆ ನಾಜಲಿನ ನಟ್. ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ, ಹಿಂದುಮುಂದಾಗಿ ಅಲ್ಲ. ನಾಜಲಿನಿಂದ ಚಿಮ್ಮುವ ಡೀಸೆಲಿಗೆ ಬೆರಳು ಅಡ್ಡ ಹಿಡಿದು ನೋಡುವ ಚಾಳಿ ಕೆಲವರಿಗಿದೆ. ಆ ಒತ್ತಡಕ್ಕೆ ಡೀಸೆಲ್ ಸೂಜಿಯಂತೆ ಚರ್ಮದೊಳಕ್ಕೆ ಹೋಗುತ್ತದೆ. ನೋವು ಮೊದಲು ಗೊತ್ತಾಗುವುದಿಲ್ಲ, ಬೆರಳು ಕತ್ತರಿಸುವ ತನಕ ಹೋಗಬಹುದು. ಈಚಿನ ಕಂಪ್ಯೂಟರ್ ಕಂಟ್ರೋಲಿನ ಹೈಸ್ಪೀಡ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಕಿಲೋ ಮೀರಿದ್ದು. ಓಡುವಾಗ ಅವುಗಳ ಉಕ್ಕಿನ ಪೈಪಿಗೆ ಸ್ಪಾನರ್ ಹಾಕಲೇಬಾರದು. ಅಂಥ ಎಂಜಿನ್ನಿಗೆ ಸ್ಕ್ಯಾನರ್ ಹಿಡಿದವನೇ ಬರಬೇಕು, ಅವನು ನಡುಕಡಲಿಗೆ ಬರುವುದಿಲ್ಲ. ಆದರೆ ಟ್ಯಾಂಕು, ನೀರು, ಫಿಲ್ಟರಿನ ಲೆಕ್ಕ ಅದಕ್ಕೂ ಇದೇ, ಇನ್ನೂ ಬಿಗಿ.

ಗೊತ್ತಿದ್ದೂ ಮಾಡುವುದಿಲ್ಲ ಯಾಕೆ?

ಇದೆಲ್ಲ ರಹಸ್ಯ ಏನಲ್ಲ. ಹಾಗಾದರೆ ಪ್ರತಿ ಆಗಸ್ಟಿನಲ್ಲೂ ಹಗ್ಗ ಯಾಕೆ? ಕಾರಣ ಎಂಜಿನ್ ಕೋಣೆಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಸಾಮಾನ್ಯ ಪದ್ಧತಿಯಲ್ಲಿ ಮೀನು ಮಾರಿದ ಹಣದಲ್ಲಿ ಮೊದಲು ಡೀಸೆಲ್, ಐಸ್, ರೇಶನ್ ಖರ್ಚು ಕಳೆದು, ಉಳಿದದ್ದು ಮಾಲಕರಿಗೂ ಕೆಲಸದವರಿಗೂ ಪಾಲು. ರಿಪೇರಿ ಮಾತ್ರ ಮಾಲಕರ ತಲೆಗೆ. ಫಿಲ್ಟರ್ ಬದಲಿಸಬೇಕು ಅಂತ ಗೊತ್ತಾಗುವುದು ಬೋಟಿನಲ್ಲಿರುವವನಿಗೆ, ಹಣ ಕೊಡಬೇಕಾದವರು ದಡದಲ್ಲಿ. "ಈ ಟ್ರಿಪ್ ಆಗಲಿ, ಮುಂದಿನ ಸಲ ನೋಡುವ" ಅನ್ನುವ ಮಾತು ಎರಡೂ ಕಡೆಯಿಂದ ಬರುತ್ತದೆ. ತಂಡೇಲ ಒಂದು ಬೋಟಿನಿಂದ ಇನ್ನೊಂದಕ್ಕೆ ಹೋಗಿಬಿಟ್ಟರೆ ಫಿಲ್ಟರ್ ಯಾವಾಗ ಹಾಕಿದ್ದು ಅಂತ ಹೇಳುವವರೇ ಇಲ್ಲ. ಬಸ್ಸಿಗೆ ಎಫ್‌ಸಿ ಆಗದೆ ರಸ್ತೆಗಿಳಿಯುವ ಹಾಗಿಲ್ಲ. ಬೋಟಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಂತೆ ಲೈಸೆನ್ಸ್ ಬೇಕು, ನೋಂದಣಿ ಬೇಕು, ಸರಿಯೇ. ಟ್ಯಾಂಕಿನ ತಳದಲ್ಲಿ ಏನಿದೆ ಅಂತ ಬಾಟ್ಲಿ ಹಿಡಿದು ನೋಡುವ ಕೆಲಸ ಬೋಟಿನವರದ್ದೇ ಆಗಿ ಉಳಿದಿದೆ.

ಎಂಜಿನ್ ಸತ್ತ ಬೋಟಿಗೆ ಮೊದಲ ಕೆಲಸ ಸ್ಪಾನರ್ ಅಲ್ಲ, ಲಂಗರು. ಅದನ್ನು ಇಳಿಸದೆ ಎಲ್ಲರೂ ಎಂಜಿನ್ ಕೋಣೆಗೆ ಇಳಿದರೆ ಬೋಟು ತನ್ನಷ್ಟಕ್ಕೆ ತೇಲುತ್ತಾ ಹೋಗುತ್ತದೆ. ಮಲ್ಪೆಯೆದುರಿಗೆ ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿವೆ, ಅಳಿವೆಗಳಲ್ಲಿ ಮರಳಿನ ದಿಣ್ಣೆಗಳಿವೆ. ಮರದ ಬೋಟು ಒಂದು ಸಲ ಕಲ್ಲಿಗೋ ದಿಣ್ಣೆಗೋ ಹತ್ತಿದರೆ ಮುಂದಿನ ತೆರೆಗಳೇ ಅದನ್ನು ಒಡೆಯುತ್ತವೆ. ಕೋಸ್ಟ್ ಗಾರ್ಡಿನ 1554 ನಂಬರ್, ವಯರ್‌ಲೆಸ್ಸಿನ 16ನೇ ಚಾನೆಲ್ ಇರುವುದು ಇಂಥ ಹೊತ್ತಿಗೇ. "ಸ್ವಲ್ಪ ನೋಡುವ, ಹತ್ತೀತು" ಅಂತ ಮರ್ಯಾದೆಗೆ ಅಂಜಿ ಬ್ಯಾಟರಿ ಪೂರ್ತಿ ಖಾಲಿ ಮಾಡಿಕೊಂಡರೆ ಆಮೇಲೆ ವಯರ್‌ಲೆಸ್ಸೂ ಇಲ್ಲ.

ಇನ್ನೊಂದು ಮಾತು ಬಂದರಿನವರಿಗೆ. ಟ್ಯಾಂಕು ತೊಳೆಯಿರಿ ಅಂತ ಹೇಳುವುದು ಸುಲಭ. ತೊಳೆದ ಕಪ್ಪು ನೀರು, ಲೋಳೆ, ಹಳೆ ಫಿಲ್ಟರ್ ಎಲ್ಲಿ ಹಾಕುವುದು? ದಕ್ಕೆಯ ನೀರಿಗೇ ಸುರಿದರೆ ಮೀನು ಇಳಿಸುವ ಜಾಗದಲ್ಲೇ ಎಣ್ಣೆ ತೇಲುತ್ತದೆ. ಜುಲೈ ಕೊನೆಯ ವಾರದಲ್ಲಿ ದಕ್ಕೆಯ ಮೂಲೆಯಲ್ಲಿ ನಾಲ್ಕು ಬ್ಯಾರೆಲ್ ಇಟ್ಟು, ಅದನ್ನು ಹೊತ್ತೊಯ್ಯುವ ಒಂದು ಲಾರಿ ಗೊತ್ತು ಮಾಡಲು ಎಷ್ಟು ಖರ್ಚಾದೀತು? ಬೋಟು ಮಾಲಕರ ಸಂಘದವರು, ಬಂದರು ಅಧಿಕಾರಿಗಳು ಕೂತು ಮಾತಾಡಿದರೆ ಒಂದು ಚಹಾದ ಹೊತ್ತಿನಲ್ಲಿ ಮುಗಿಯುವ ವಿಷಯ.